ಬೆಳ್ಳಿತೆರೆಯ ಕಿರುಪಿಸ್ತೂಲು: ಒಂದು ಔಚಿತ್ಯವಿಚಾರ

೧

ಸಾಹಿತ್ಯವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಪಿಸ್ತೂಲಿನ ಮಾತೇಕೆಂದು ಕೆಲವು ವಾಚಕರು ಕೇಳಬಹುದು. ರಸ, ಧ್ವನಿ, ಅಲಂಕಾರಗಳ ಚರ್ಚೆಗೆ ಒಗ್ಗಿದ ಕಿವಿಗೆ ಗುಂಡಿನ ಸದ್ದು ಕರ್ಕಶವೆನಿಸುವುದು ಸಹಜವೇ. ಆದರೆ ನಮ್ಮ ಕಾಲದಲ್ಲಿ ಕಥೆಯೆಂಬುದು ಹೊತ್ತಗೆಯಿಂದ ಮಾತ್ರವೇ ಮಕ್ಕಳ ಮನಸ್ಸನ್ನು ಹೊಗುತ್ತಿಲ್ಲ. ಬೆಳ್ಳಿತೆರೆಯಿಂದಲೂ ಅಂಗೈಯಗಲದ ಮೊಬೈಲಿನಿಂದಲೂ ಹಗಲಿರುಳೆನ್ನದೆ ಹೊಗುತ್ತಿದೆ. ಕೃಷ್ಣೆಯ ದಂಡೆಯ ಈ ಕಸಬೆ ಡಿಗ್ರಜದಂತಹ ಊರಿನಲ್ಲಿ ಮಗುವಿನ ಕಣ್ಣಿಗೆ ಬೀಳುವ ಚಲಚ್ಚಿತ್ರ ಮರಾಠಿಯದಿರಬಹುದು, ಹಿಂದಿಯದಿರಬಹುದು, ಕನ್ನಡದ್ದಿರಬಹುದು. ಭಾಷೆ ಬೇರೆಯಾದರೂ ಮೂರರಲ್ಲಿಯೂ ಕಾಣುವ ವಸ್ತುವೊಂದುಂಟು: ನಾಯಕನ ಅಂಗಿಯ ಮರೆಯಿಂದ ಮಿಂಚಿನಂತೆ ಹೊರಬರುವ ಪುಟ್ಟ ಪಿಸ್ತೂಲು. ಶಾಲೆಯ ಅಂಗಳದಲ್ಲಿ ಎರಡು ಬೆರಳು ಚಾಚಿ ‘ಢಂ’ ಎನ್ನುವ ಹುಡುಗನಿಗೆ ಆ ವಸ್ತುವಿನ ತೂಕ ತಿಳಿಯದು, ಬೆಲೆ ತಿಳಿಯದು, ಅದರಿಂದಾಗುವ ಗಾಯವೂ ತಿಳಿಯದು. ಅದರ ಮಹಿಮೆ ಮಾತ್ರ ಚೆನ್ನಾಗಿ ತಿಳಿದಿರುತ್ತದೆ.

ಆ ಮಹಿಮೆ ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಕವಿಸಮಯ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಚಾರಕ್ಕೆ ಅಳತೆಗೋಲು ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಇದೆ. ದಂಡಿಯು ಕಾವ್ಯದೋಷಗಳನ್ನು ಎಣಿಸುವಾಗ ದೇಶ, ಕಾಲ, ಕಲೆ, ಲೋಕ ಮೊದಲಾದವುಗಳಿಗೆ ವಿರುದ್ಧವಾದ ವರ್ಣನೆಯನ್ನೂ ದೋಷವೆಂದೇ ಎಣಿಸಿದನು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ರಸದ ಜೀವವೆಂದು ಸಾರಿದನು. ಈ ಎರಡು ಮಾತುಗಳನ್ನು ಕೈಯಲ್ಲಿ ಹಿಡಿದು ನಾವು ಬೆಳ್ಳಿತೆರೆಯ ಕಿರುಪಿಸ್ತೂಲನ್ನು ನೋಡೋಣ.

೨

ಮೊದಲಿಗೆ ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಕಲೆಯಲ್ಲಿ ಆಯುಧವು ನಿಜವಾಗಿರಲೇಬೇಕೆ? ಇರಬೇಕಾಗಿಲ್ಲ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾದುದಿಲ್ಲ. ನಮ್ಮ ಸಾಂಗಲಿಯಲ್ಲಿಯೇ ಇದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಕಂಡ ಸಾಂಗಲಿಯ ಅರಸರಾದ ಚಿಂತಾಮಣರಾವ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರನ್ನು ಪ್ರೇರೇಪಿಸಲು, ೧೮೪೩ರಲ್ಲಿ ‘ಸೀತಾ ಸ್ವಯಂವರ’ ನಾಟಕವು ರಂಗವೇರಿತು. ಮರಾಠಿ ರಂಗಭೂಮಿಯ ಆರಂಭವೆಂದು ಅದನ್ನೇ ಗಣಿಸುತ್ತಾರೆ. ಕನ್ನಡದ ಆಟವೊಂದು ಮರಾಠಿಯ ನಾಟಕಕ್ಕೆ ಬೀಜವಾದ ಈ ಸಂಗತಿ ಗಡಿನಾಡಿನ ನಮಗೆಲ್ಲ ಹೆಮ್ಮೆಯ ವಿಷಯವಾಗಿದೆ.

ಸೀತಾಸ್ವಯಂವರದ ಕಥೆಗೆ ಪ್ರಾಣವಾದುದು ಶಿವಧನುಸ್ಸು. ರಾಜರಾಜರು ಅಲುಗಿಸಲಾರದ ಆ ಬಿಲ್ಲನ್ನು ರಂಗದ ಮೇಲೆ ನಟನೊಬ್ಬನು ಎತ್ತಿ ಮುರಿಯುವನು. ಬಿಲ್ಲು ಹಗುರವೆಂದು ನೋಡುವವರೆಲ್ಲರಿಗೂ ಗೊತ್ತು. ಗೊತ್ತಿದ್ದೂ ಅವರು ಅದನ್ನು ಭಾರವೆಂದು ಭಾವಿಸುತ್ತಾರೆ. ಬಣ್ಣ, ಕಿರೀಟ, ಹಾಡು, ತಾಳಗಳೆಲ್ಲ ಸೇರಿ ‘ಇದು ಲೋಕವಲ್ಲ, ಆಟ’ ಎಂದು ಮೊದಲೇ ಸಾರಿರುತ್ತವೆ. ಅಂತಹ ಒಪ್ಪಂದವಿರುವಲ್ಲಿ ಲೋಕವಿರೋಧದ ದೋಷ ಹತ್ತದು. ಹನುಮಂತನು ಸಮುದ್ರ ಹಾರಿದನೆಂದರೆ ಯಾವ ಸಹೃದಯನೂ ಅಳತೆಪಟ್ಟಿ ಹಿಡಿದು ಹೊರಡುವುದಿಲ್ಲ.

ಚಲಚ್ಚಿತ್ರದ ಸ್ಥಿತಿ ಬೇರೆ. ಅಲ್ಲಿ ಕಾಣುವ ಬೀದಿ ನಿಜವಾದ ಬೀದಿ, ಮೋಟಾರು ನಿಜವಾದ ಮೋಟಾರು. ಪಿಸ್ತೂಲಿನ ಮೈಮೇಲೆ ನಿಜವಾದ ಕಾರ್ಖಾನೆಯ ಹೆಸರೂ ಇರುತ್ತದೆ. ‘ಇದು ಹೀಗೆಯೇ ಇದೆ’ ಎಂದು ತೆರೆಯು ಕಣ್ಣಿಗೆ ಪ್ರಮಾಣ ಮಾಡಿ ಹೇಳುತ್ತದೆ. ಪ್ರಮಾಣ ಮಾಡಿದವನ ಮಾತನ್ನು ಪರೀಕ್ಷಿಸುವ ಅಧಿಕಾರ ಕೇಳಿದವರಿಗೆ ಉಂಟು.

೩

ಕಿರುಪಿಸ್ತೂಲು ಕೀರ್ತಿಗೆ ಏರಿದ ಕಥೆ ಸ್ವಾರಸ್ಯಕರವಾಗಿದೆ. ಇಯಾನ್ ಫ್ಲೆಮಿಂಗ್ ಎಂಬ ಆಂಗ್ಲ ಲೇಖಕನು ೧೯೫೩ರಲ್ಲಿ ಜೇಮ್ಸ್ ಬಾಂಡ್ ಎಂಬ ಗೂಢಚಾರನ ಮೊದಲ ಕಾದಂಬರಿಯನ್ನು ಪ್ರಕಟಿಸಿದನು. ಆ ಗೂಢಚಾರನ ಕೈಯಲ್ಲಿದ್ದುದು ಇಟಲಿಯ ಬೆರೆಟಾ ಕಾರ್ಖಾನೆಯ ಅತಿ ಸಣ್ಣ ಪಿಸ್ತೂಲು. ೧೯೫೬ರಲ್ಲಿ ಜೆಫ್ರಿ ಬೂತ್‌ರಾಯ್ಡ್ ಎಂಬ ಆಯುಧಜ್ಞನು ಫ್ಲೆಮಿಂಗನಿಗೆ ಕಾಗದ ಬರೆದು, ಅದು ಹೆಂಗಸರ ಪಿಸ್ತೂಲು, ಗೂಢಚಾರನ ಕೆಲಸಕ್ಕೆ ಒದಗದು ಎಂದು ಆಕ್ಷೇಪಿಸಿದನು. ಅದಕ್ಕೆ ಬದಲಾಗಿ ಒಂದು ರಿವಾಲ್ವರನ್ನು ಸೂಚಿಸಿದನು. ಫ್ಲೆಮಿಂಗನು ಆಕ್ಷೇಪವನ್ನು ಒಪ್ಪಿದನಾದರೂ ೧೯೫೮ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ತನ್ನ ನಾಯಕನಿಗೆ ಕೊಡಿಸಿದುದು ಜರ್ಮನಿಯ ವಾಲ್ಥರ್ ಕಾರ್ಖಾನೆಯ ‘ಪಿ.ಪಿ.ಕೆ.’ ಪಿಸ್ತೂಲನ್ನು. ಆಯುಧ ಒಪ್ಪಿಸುವ ಅಧಿಕಾರಿಗೆ ಬೂತ್‌ರಾಯ್ಡನ ಹೆಸರನ್ನೇ ಇಟ್ಟು ಋಣ ತೀರಿಸಿದನು. ೧೯೬೨ರಲ್ಲಿ ಅದೇ ಕಥೆ ಚಲಚ್ಚಿತ್ರವಾಗಿ ಲೋಕವನ್ನೆಲ್ಲ ಸುತ್ತಿತು. ಓದುಗನೊಬ್ಬನು ಔಚಿತ್ಯದ ಪ್ರಶ್ನೆಯನ್ನೆತ್ತಿ ಲೇಖಕನನ್ನು ತಿದ್ದಿದ ಈ ಪ್ರಸಂಗವು ವಿಮರ್ಶೆಯ ಇತಿಹಾಸದಲ್ಲಿ ಒಂದು ಸಣ್ಣ ಸ್ಥಾನಕ್ಕೆ ಅರ್ಹವೆಂದು ನಾವು ಭಾವಿಸುತ್ತೇವೆ. ತಿದ್ದುಪಡಿ ಅರ್ಧದಾರಿಯಲ್ಲಿ ನಿಂತಿತೆಂಬುದು ಬೇರೆ ಮಾತು.

ಇದಕ್ಕಿಂತಲೂ ಮೇಲಾದ ಸಂಗತಿಯೊಂದಿದೆ. ೧೯೬೩ರ ಎರಡನೆಯ ಚಿತ್ರದ ಪ್ರಚಾರಕ್ಕಾಗಿ ನಾಯಕನಟ ಶಾನ್ ಕಾನರಿಯ ಛಾಯಾಚಿತ್ರ ತೆಗೆಯುವ ಹೊತ್ತಿಗೆ ಆ ಪ್ರಸಿದ್ಧ ಪಿಸ್ತೂಲನ್ನು ತರಲು ಮರೆತಿದ್ದರಂತೆ. ಛಾಯಾಗ್ರಾಹಕ ಡೇವಿಡ್ ಹರ್ನ್ ತನ್ನ ಬಳಿಯಿದ್ದ, ಗಾಳಿಯ ಒತ್ತಡದಿಂದ ಸಣ್ಣ ಸೀಸದ ಕಾಳನ್ನು ಹಾರಿಸುವ ಆಟದ ಪಿಸ್ತೂಲನ್ನೇ ನಟನ ಕೈಗೆ ಕೊಟ್ಟನು. ಉದ್ದ ನಳಿಗೆಯ ಆ ಗಾಳಿಪಿಸ್ತೂಲೇ ಜಗತ್ತಿನ ಗೋಡೆಗಳನ್ನೆಲ್ಲ ಅಲಂಕರಿಸಿ ಸಾಹಸದ ಲಾಂಛನವಾಯಿತು. ೨೦೧೦ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ ಎರಡೂವರೆ ಲಕ್ಷ ಪೌಂಡಿಗೂ ಮಿಕ್ಕಿ ಬೆಲೆ ತಂದಿತು. ಪಿಸ್ತೂಲಿನ ಕೀರ್ತಿಗೂ ಅದರ ಶಕ್ತಿಗೂ ಇರುವ ಸಂಬಂಧ ಎಷ್ಟು ದೂರದ್ದೆಂಬುದನ್ನು ತಿಳಿಯಲು ಇದೊಂದೇ ಸಾಕು.

ಆ ಗಾಳಿ ಕನ್ನಡಕ್ಕೂ ಬೀಸಿತು. ೧೯೬೮ರಲ್ಲಿ ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ ತೆರೆಕಂಡಿತು. ಡಾ. ರಾಜಕುಮಾರರು ಸಿ.ಐ.ಡಿ. ೯೯೯ ಎಂಬ ಪತ್ತೇದಾರ ಪ್ರಕಾಶನಾಗಿ ಕಾಣಿಸಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಬಹುಕಾಲದ ಮೇಲೆ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಈ ಚಿತ್ರಗಳನ್ನು ಹಗುರವಾಗಿ ಕಾಣುವುದು ನಮ್ಮ ಇಚ್ಛೆಯಲ್ಲ. ಪೌರಾಣಿಕ, ಸಾಂಸಾರಿಕ ಕಥೆಗಳಿಗೆ ಒಗ್ಗಿದ್ದ ಕನ್ನಡ ತೆರೆಗೆ ಅವು ಹೊಸ ವೇಗವನ್ನು ತಂದವು. ವಿಮಾನ, ವೈರ್‌ಲೆಸ್ಸು, ಹೋಟೆಲುಗಳ ಹೊಸ ಲೋಕದಲ್ಲಿಯೂ ಕನ್ನಡ ಸಲೀಸಾಗಿ ಓಡಾಡಬಲ್ಲದೆಂದು ತೋರಿಸಿದವು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ ನಟನೊಬ್ಬನು ಗದೆ ಹಿಡಿದ ಕೈಯಲ್ಲಿಯೇ ಪಿಸ್ತೂಲನ್ನೂ ಘನತೆಯಿಂದ ಹಿಡಿದುದು ಅಭಿನಯದ ದೃಷ್ಟಿಯಿಂದ ಸಣ್ಣ ಸಾಧನೆಯಲ್ಲ. ನಮ್ಮ ಆಕ್ಷೇಪವಿರುವುದು ನಟನ ಮೇಲಲ್ಲ, ಭಾಷೆಯ ಮೇಲಲ್ಲ. ಇಂಗ್ಲಿಷಿನಿಂದ ಹಿಂದಿಗೂ ಕನ್ನಡಕ್ಕೂ ಮರಾಠಿಗೂ ಪರೀಕ್ಷೆಯಿಲ್ಲದೆ ಸಾಗಿಬಂದ ಆ ವಸ್ತುವಿನ ಮೇಲೆ.

೪

ಈ ಬಗೆಯ ಚಿತ್ರಗಳು ಕಿರುಪಿಸ್ತೂಲಿಗೆ ನಾಲ್ಕು ಶಕ್ತಿಗಳನ್ನು ಆರೋಪಿಸುತ್ತವೆ: ದೂರದ ಗುರಿಯನ್ನು ತಪ್ಪದೆ ಮುಟ್ಟುವುದು, ತಗುಲಿದವನನ್ನು ಮಾರುದೂರ ಎಸೆಯುವುದು, ಸದ್ದಿಲ್ಲದೆ ಕೆಲಸ ಮುಗಿಸುವುದು, ಎಂದೂ ಬರಿದಾಗದಿರುವುದು. ನಾಲ್ಕನ್ನೂ ಏಳನೆಯ ಇಯತ್ತೆಯ ಗಣಿತದಿಂದಲೇ ಪರೀಕ್ಷಿಸಬಹುದು.

ಗುರಿಯ ಮಾತು ಮೊದಲು. ಪಿಸ್ತೂಲಿನ ಬೆನ್ನಿನ ಮೇಲೆ ಗುರಿ ನೋಡಲು ಹಿಂದೊಂದು ಕಂಡಿ, ಮುಂದೊಂದು ಮೊನೆ ಇರುತ್ತವೆ. ಕಿರುಪಿಸ್ತೂಲಿನಲ್ಲಿ ಇವೆರಡರ ನಡುವಣ ಅಂತರ ಸುಮಾರು ೧೦ ಸೆಂಟಿಮೀಟರು. ಕೈ ನಡುಗಿ ಮುಂದಿನ ಮೊನೆಯು ಒಂದೇ ಒಂದು ಮಿಲಿಮೀಟರು ಸರಿಯಿತೆನ್ನೋಣ. ತ್ರೈರಾಶಿಯ ಲೆಕ್ಕದಂತೆ ೨೫ ಮೀಟರು ದೂರದಲ್ಲಿ ಗುಂಡು ೨೫ ಸೆಂಟಿಮೀಟರು ಪಕ್ಕಕ್ಕೆ ಹೋಗುವುದು. ಕಂಡಿಗೂ ಮೊನೆಗೂ ೭೦ ಸೆಂಟಿಮೀಟರು ಅಂತರವಿರುವ ಉದ್ದ ಬಂದೂಕಿನಲ್ಲಾದರೆ ಅದೇ ತಪ್ಪಿಗೆ ಮೂರೂವರೆ ಸೆಂಟಿಮೀಟರಷ್ಟೇ ವ್ಯತ್ಯಾಸ. ಇದು ನಿಂತು, ಉಸಿರು ಹಿಡಿದು ಹೊಡೆಯುವವನ ಲೆಕ್ಕ. ಓಡುತ್ತಿರುವ ಮೋಟಾರಿನಿಂದ ಒಂದು ಕೈ ಹೊರಚಾಚಿ, ಓಡುತ್ತಿರುವ ಇನ್ನೊಂದು ಮೋಟಾರಿನ ಚಕ್ರಕ್ಕೆ ಗುಂಡಿಕ್ಕುವ ನಾಯಕನ ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಲಿ.

ಹೊಡೆತದ ಬಲ ಎರಡನೆಯದು. ಬಾಂಡನ ಪಿಸ್ತೂಲಿನ ೭.೬೫ ಮಿಲಿಮೀಟರು ಅಳತೆಯ ಗುಂಡು ೪.೬ ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು ೨೯೦ ಮೀಟರು ವೇಗದಿಂದ ಹೊರಡುತ್ತದೆ. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗವು ಸೆಕೆಂಡಿಗೆ ೧.೩ ಕಿಲೊಗ್ರಾಂ ಮೀಟರಿಗಿಂತ ತುಸು ಹೆಚ್ಚು. ಅರುವತ್ತು ಕಿಲೊ ತೂಕದ ಮನುಷ್ಯನಿಗೆ ಅದು ಕೊಡಬಲ್ಲ ವೇಗ ಸೆಕೆಂಡಿಗೆ ಎರಡು ಸೆಂಟಿಮೀಟರು! ಇರುವೆಯ ನಡಿಗೆಗೆ ಹತ್ತಿರವಾದ ವೇಗವದು. ೧೬೦ ಗ್ರಾಮಿನ ಕ್ರಿಕೆಟ್ ಚೆಂಡನ್ನು ಸೆಕೆಂಡಿಗೆ ೩೦ ಮೀಟರು ವೇಗದಿಂದ ಎಸೆದರೆ ಅದರ ಸಂವೇಗ ೪.೮. ಅಂದರೆ ಗುಂಡಿನ ಮೂರೂವರೆ ಪಟ್ಟಿಗೂ ಹೆಚ್ಚು. ಚೆಂಡು ತಗುಲಿದ ಆಟಗಾರನು ಹಿಂದಕ್ಕೆ ಹಾರಿ ಗಾಜಿನ ಕಿಟಕಿಯನ್ನು ಒಡೆದುಕೊಂಡು ಬೀಳುವುದನ್ನು ಯಾರು ಕಂಡಿದ್ದಾರೆ? ಗುಂಡು ಮನುಷ್ಯನನ್ನು ತಳ್ಳುವುದಿಲ್ಲ, ಚುಚ್ಚಿ ಒಳಹೊಗುತ್ತದೆ. ತಳ್ಳುವಷ್ಟು ಬಲ ಅದಕ್ಕಿದ್ದರೆ, ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮದಂತೆ, ಹೊಡೆದ ನಾಯಕನೂ ಹಿಂದಕ್ಕೆ ಬೀಳಬೇಕಾಗಿತ್ತು. ಇನ್ನು ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ನಮ್ಮ ಪೋಲೀಸರ ಭುಜದ ಮೇಲೆ ಬಹುಕಾಲ ಮೆರೆದ .೩೦೩ ಬಂದೂಕಿನ ಗುಂಡಿನ ಶಕ್ತಿಯು ಇದರ ಹದಿನಾರು ಪಟ್ಟು.

ಸದ್ದಿನ ಮಾತು ಮೂರನೆಯದು. ಪಿಸ್ತೂಲಿನ ಸಿಡಿತ ೧೬೦ ಡೆಸಿಬೆಲ್ಲಿನ ಆಸುಪಾಸಿನದು. ತೆರೆಯ ಮೇಲೆ ನಳಿಗೆಯ ತುದಿಗೆ ಕೊಳವೆಯೊಂದನ್ನು ತಿರುಗಿಸಿ ಸೇರಿಸಿದೊಡನೆ ಅದು ಪಿಸುಮಾತಾಗಿಬಿಡುತ್ತದೆ. ನಿಜವಾದ ಸೈಲೆನ್ಸರು ಕಡಮೆ ಮಾಡಬಲ್ಲುದು ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತೈದು ಡೆಸಿಬೆಲ್ಲು ಮಾತ್ರ. ಉಳಿದ ಸದ್ದು ನೆರೆಮನೆಯವರನ್ನು ಎಬ್ಬಿಸಲು ಧಾರಾಳವಾಗಿ ಸಾಕು.

ಬರಿದಾಗದ ಮಹಿಮೆ ನಾಲ್ಕನೆಯದು. ಬಾಂಡನ ಪಿಸ್ತೂಲಿನ ಹಿಡಿಯೊಳಗೆ ಹಿಡಿಸುವುದು ಏಳು ತೋಟಾ. ೧೯೭೪ರ ‘ಮೆಕ್ಯೂ’ ಎಂಬ ಅಮೆರಿಕದ ಚಿತ್ರವು ಇಂಗ್ರಾಮ್ ಎಂಬ ಗಿಡ್ಡ ಯಂತ್ರಕೋವಿಗೆ ಕೀರ್ತಿ ತಂದಿತು. ಅದು ನಿಮಿಷಕ್ಕೆ ಸಾವಿರದ ನೂರರಷ್ಟು ಗುಂಡುಗಳ ವೇಗದಲ್ಲಿ ಉಗುಳುತ್ತದೆ. ಅದರ ಗೂಡಿನಲ್ಲಿರುವುದು ಮೂವತ್ತು ತೋಟಾ. ಭಾಗಿಸಿ ನೋಡಿದರೆ ಎರಡು ಸೆಕೆಂಡಿಗೂ ಮೊದಲೇ ಗೂಡು ಖಾಲಿ. ತೆರೆಯ ಮೇಲಾದರೋ ಅದರ ಗರ್ಜನೆ ಹಾಡಿನ ಒಂದು ಚರಣದಷ್ಟು ಹೊತ್ತು ನಿಲ್ಲುವುದಿಲ್ಲ.

೫

ಲೆಕ್ಕ ಕಾಗದದ ಮೇಲಿನದು, ಕಾಳಗದಲ್ಲಿ ಬೇರೆಯಾದೀತು ಎನ್ನುವವರು ಉಂಟು. ಅದೃಷ್ಟವೋ ದುರದೃಷ್ಟವೋ, ಬಾಂಡನ ಪಿಸ್ತೂಲಿಗೆ ನಿಜವಾದ ಪರೀಕ್ಷೆಯೂ ಒದಗಿತು. ಅದೂ ಬಾಂಡನ ಊರಾದ ಲಂಡನ್ನಿನಲ್ಲಿಯೇ.

೧೯೭೪ನೆಯ ಇಸವಿ ಮಾರ್ಚ್ ೨೦ರ ರಾತ್ರಿ ರಾಜಕುಮಾರಿ ಆ್ಯನ್ ಅರಮನೆಗೆ ಹಿಂದಿರುಗುತ್ತಿದ್ದಾಗ ದುಷ್ಕರ್ಮಿಯೊಬ್ಬನು ಅವಳ ಮೋಟಾರನ್ನು ಅಡ್ಡಗಟ್ಟಿದನು. ಅಂಗರಕ್ಷಕನಾದ ಜೇಮ್ಸ್ ಬೀಟನ್ ಕೆಳಗಿಳಿದೊಡನೆ ಭುಜಕ್ಕೆ ಗುಂಡು ತಗುಲಿತು. ಅವನ ಕೈಯಲ್ಲಿದ್ದುದು ಅದೇ ವಾಲ್ಥರ್ ಪಿ.ಪಿ.ಕೆ. ಗಾಯಗೊಂಡ ಕೈಯಿಂದ ಹಾರಿಸಿದ ಮೊದಲ ಗುಂಡು ಗುರಿ ತಪ್ಪಿತು. ಎರಡನೆಯ ಗುಂಡು ಹಾರಲೇ ಇಲ್ಲ, ಪಿಸ್ತೂಲು ಸಿಕ್ಕಿಕೊಂಡಿತು. ಬೀಟನ್ ಬರಿಗೈಯಲ್ಲಿ, ತನ್ನ ಮೈಯನ್ನೇ ಅಡ್ಡವೊಡ್ಡಿ ಇನ್ನೆರಡು ಗುಂಡುಗಳನ್ನು ತಿಂದನು. ಸಾರಥಿ, ನೆರವಿಗೆ ಬಂದ ಪೋಲೀಸನು, ಒಬ್ಬ ಪತ್ರಕರ್ತನು ಕೂಡ ಗುಂಡೇಟಿಗೆ ಸಿಕ್ಕಿದರು. ಕೊನೆಗೆ ಆ ಪಾತಕಿಯನ್ನು ತಡೆದು ರಾಜಕುಮಾರಿಯನ್ನು ಪಾರುಮಾಡುವುದರಲ್ಲಿ ನೆರವಾದುದು ದಾರಿಹೋಕನಾದ ಮಾಜಿ ಮುಷ್ಟಿಮಲ್ಲ ರಾನ್ ರಸಲ್‌ನ ಗುದ್ದು. ಗುಂಡು ತಗುಲಿದ ನಾಲ್ವರೂ ಬದುಕಿ ಉಳಿದರು. ಬೀಟನ್ನನಿಗೆ ಜಾರ್ಜ್ ಕ್ರಾಸ್ ಪದಕ ದೊರೆಯಿತು. ಅವನ ಪಿಸ್ತೂಲಿಗೆ ದೊರೆತುದು ನಿವೃತ್ತಿ. ರಾಜಪರಿವಾರದ ಕಾವಲಿನಿಂದ ಅದನ್ನು ತೆಗೆದುಹಾಕಲಾಯಿತು.

ಈ ಒಂದು ಪ್ರಸಂಗದಲ್ಲಿ ಎಷ್ಟು ಪಾಠಗಳಿವೆ! ಹತ್ತಿರದಿಂದಲೇ ಗುರಿ ತಪ್ಪಬಹುದು. ಯಂತ್ರವು ಬೇಕಾದ ಗಳಿಗೆಯಲ್ಲಿಯೇ ಕೈಕೊಡಬಹುದು. ಗುಂಡು ತಿಂದವನು ತಕ್ಷಣ ಬೀಳದೆ ಇರಬಹುದು. ಮೊದಲು ಹೊಡೆದವನಿಗೆ ಇರುವ ಅನುಕೂಲ ಕಾಪಾಡಲು ನಿಂತವನಿಗೆ ಇರುವುದಿಲ್ಲ. ಪೋಲೀಸಿನ ತರಬೇತಿ ಪಡೆದ ವೀರನ ಗತಿಯೇ ಹೀಗಾದರೆ, ಆತ್ಮರಕ್ಷಣೆಗೆಂದು ಚೀಲದಲ್ಲಿ ಪಿಸ್ತೂಲು ಇಟ್ಟುಕೊಂಡ ಸಾಮಾನ್ಯರ ಪಾಡೇನು? ೨೦೧೨ರ ದಿಲ್ಲಿಯ ದಾರುಣ ಘಟನೆಯ ತರುವಾಯ, ೨೦೧೪ರಲ್ಲಿ ಕಾನಪುರದ ಸರಕಾರಿ ಆಯುಧ ಕಾರ್ಖಾನೆಯು ಹೆಂಗಸರಿಗಾಗಿ ‘ನಿರ್ಭೀಕ’ ಎಂಬ ಅರ್ಧ ಕಿಲೊ ತೂಕದ ರಿವಾಲ್ವರನ್ನು ಹೊರತಂದಿತು. ಆಗ ಅದರ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿಗೂ ಮೇಲಿತ್ತು. ಅಭಯವು ಆ ಬೆಲೆಗೆ ಎಷ್ಟು ಜನ ಹೆಣ್ಣುಮಕ್ಕಳಿಗೆ ದೊರೆತೀತು? ದೊರೆತರೂ, ಕತ್ತಲಲ್ಲಿ ಹಿಂದಿನಿಂದ ಬಂದವನಿಗಿಂತ ಮೊದಲು ಅವರ ಕೈ ಚೀಲದೊಳಕ್ಕೆ ಹೋದೀತೆ?

೬

ಇಲ್ಲಿ ನಮ್ಮ ಹಳೆಯ ಕವಿಗಳನ್ನು ನೆನೆಯದೆ ಮುಂದುವರಿಯಲಾಗದು. ದಿವ್ಯಾಸ್ತ್ರಗಳನ್ನು ವರ್ಣಿಸಿದ ಅವರನ್ನು ಕಲ್ಪನಾವಿಲಾಸಿಗಳೆಂದೂ, ಮೋಟಾರು ಪಿಸ್ತೂಲುಗಳನ್ನು ತೋರಿಸುವ ಚಿತ್ರಗಳನ್ನು ವಾಸ್ತವವೆಂದೂ ಕರೆಯುವುದು ರೂಢಿ. ಆಯುಧದ ವಿಷಯದಲ್ಲಿ ಸತ್ಯಕ್ಕೆ ಯಾರು ಹತ್ತಿರ?

ಮಹಾಭಾರತದ ಕರ್ಣನಿಗೆ ಇಂದ್ರನು ಕೊಟ್ಟ ಶಕ್ತ್ಯಾಯುಧವು ಒಂದೇ ಸಲಕ್ಕೆ ಒದಗುವಂತಹುದು. ಅರ್ಜುನನಿಗೆಂದು ಕಾದಿರಿಸಿದ ಅದನ್ನು ಘಟೋತ್ಕಚನ ಮೇಲೆ ವ್ಯಯ ಮಾಡಿದ ಮೇಲೆ ಕರ್ಣನ ಕೈ ಬರಿದಾಯಿತು. ತೋಟಾ ಎಣಿಸಬೇಕೆಂಬ ವಿವೇಕ ವ್ಯಾಸರಿಗೆ ಇದ್ದಿತು. ರಥದ ಗಾಲಿ ಹುಗಿದ ಗಳಿಗೆಯಲ್ಲಿ ಕರ್ಣನಿಗೆ ಅಸ್ತ್ರಮಂತ್ರವೇ ನೆನಪಿಗೆ ಬಾರದೆ ಹೋಯಿತು. ಬೀಟನ್ನನ ಪಿಸ್ತೂಲು ಸಿಕ್ಕಿಕೊಂಡುದಕ್ಕೂ ಇದಕ್ಕೂ ಭಾವದಲ್ಲಿ ಏನು ಭೇದ? ಕೃಷ್ಣನಿಲ್ಲದ ಮೇಲೆ ದಾರಿಗಳ್ಳರ ಮುಂದೆ ಅರ್ಜುನನ ಗಾಂಡೀವವೂ ನಿಷ್ಫಲವಾಯಿತು. ಆಯುಧವು ಎಂದೂ ತನ್ನಷ್ಟಕ್ಕೆ ಗೆಲ್ಲಲಾರದು, ಅದು ಮನುಷ್ಯನ ಕೈಯನ್ನೂ ಕಾಲವನ್ನೂ ಅವಲಂಬಿಸಿದೆ ಎಂಬುದು ಆ ಕಾವ್ಯದ ನಿಲುವು.

ರನ್ನನ ಗದಾಯುದ್ಧವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಗದೆ ಎತ್ತುವ ಮೊದಲು ದುರ್ಯೋಧನನು ರಣಭೂಮಿಯನ್ನು ಹಾದು ಹೋಗಬೇಕು. ದ್ರೋಣನನ್ನು, ಅಭಿಮನ್ಯುವನ್ನು, ದುಶ್ಶಾಸನನನ್ನು, ಕರ್ಣನನ್ನು ಹೆಣಗಳಾಗಿ ಕಂಡು ಮರುಗಬೇಕು. ಆಯುಧ ಮಾಡಿದ ಕೆಲಸವನ್ನು ಕಣ್ಣಾರೆ ನೋಡದೆ ಮುಂದಿನ ಆಯುಧವನ್ನು ಎತ್ತಲು ಕವಿ ಬಿಡಲಿಲ್ಲ. ಜಾನಪದದಲ್ಲಿಯೂ ಇದೇ ವಿವೇಕ ಕಾಣುತ್ತದೆ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಲು ಒಲ್ಲದೆ ಹೋರಾಡಿದ ಮುಧೋಳದ ಸೀಮೆಯ ಹಲಗಲಿಯ ಬೇಡರ ಲಾವಣಿಯು ಶೌರ್ಯವನ್ನು ಹಾಡಿ ಅಲ್ಲಿಗೆ ನಿಲ್ಲುವುದಿಲ್ಲ. ಲೂಟಿಯಾಗಿ ಹೋದ ಮನೆಯ ಸಾಮಾನುಗಳನ್ನು, ಅಡುಗೆಮನೆಯ ಜೀನಸುಗಳವರೆಗೆ, ಒಂದೊಂದಾಗಿ ಎಣಿಸುತ್ತದೆ. ತೆರೆಯ ಮೇಲೆ ನಾಯಕನ ಗುಂಡಿಗೆ ಬಿದ್ದವರ ಹೆಸರನ್ನು ಯಾರೂ ಕೇಳುವುದಿಲ್ಲ; ಅವರ ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ ಎಂಬುದು ಕಥೆಗೆ ಬೇಡ.

೭

ಹಾಗಾದರೆ ಕಿರುಪಿಸ್ತೂಲು ನಿಷ್ಪ್ರಯೋಜಕವೇ? ಅಲ್ಲ. ಇಷ್ಟು ಹೊತ್ತು ನಾವು ಅದಕ್ಕಿಲ್ಲದ ಶಕ್ತಿಗಳನ್ನು ಎಣಿಸಿದೆವು. ಅದಕ್ಕಿರುವ ಶಕ್ತಿಯೊಂದುಂಟು, ಆ ಶಕ್ತಿಯನ್ನು ಚಿತ್ರಗಳು ನಾಯಕನ ಗುಣವೆಂಬಂತೆ ತೋರಿಸಿ ಅದರ ನಿಜರೂಪವನ್ನು ಮರೆಮಾಡುತ್ತವೆ. ಅದು ಬಟ್ಟೆಯ ಮರೆಯಲ್ಲಿ ಅಡಗಬಲ್ಲದು. ನಂಬಿಕೆಯಿಂದ ಹತ್ತಿರ ಬಿಟ್ಟುಕೊಂಡವನ ಮುಂದೆ ಒಂದು ಕೈಯಳತೆಯಲ್ಲಿ ಹೊರಬರಬಲ್ಲದು. ಆ ಅಳತೆಯಲ್ಲಿ ಗುರಿಯ ಲೆಕ್ಕ ಬೇಡ, ಏಳು ತೋಟಾ ಬೇಡ, ಸದ್ದಡಗಿಸುವುದೂ ಬೇಡ.

೧೯೪೮ರ ಜನವರಿ ೩೦ರಂದು ದಿಲ್ಲಿಯ ಪ್ರಾರ್ಥನಾಸಭೆಗೆ ನಡೆದುಹೋಗುತ್ತಿದ್ದ ಮಹಾತ್ಮರಿಗೆ ತಗುಲಿದುದು ಬೆರೆಟಾ ಕಾರ್ಖಾನೆಯ ಒಂದು ಗಿಡ್ಡ ಪಿಸ್ತೂಲಿನ ಮೂರು ಗುಂಡುಗಳು. ಹೊಡೆದವನು ಕೈಮುಗಿಯುವಷ್ಟು ಹತ್ತಿರದಲ್ಲಿ ನಿಂತಿದ್ದನು. ನಮ್ಮ ಮಿರಜದ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ನರೇಂದ್ರ ದಾಭೋಲಕರರು ೨೦೧೩ರ ಆಗಸ್ಟ್ ೨೦ರ ಬೆಳಗ್ಗೆ ಪುಣೆಯಲ್ಲಿ ವಾಯುವಿಹಾರಕ್ಕೆ ಹೋದಾಗ ಗುಂಡಿಗೆ ಬಲಿಯಾದರು. ನೆರೆಯ ಕೊಲ್ಲಾಪುರದಲ್ಲಿ ೨೦೧೫ರ ಫೆಬ್ರುವರಿ ೧೬ರ ಬೆಳಗ್ಗೆ ಪತ್ನಿಯೊಡನೆ ತಿರುಗಾಡಿ ಬರುತ್ತಿದ್ದ ಗೋವಿಂದ ಪಾನಸರೆಯವರ ಮೇಲೆ ಗುಂಡು ಹಾರಿತು. ನಾಲ್ಕು ದಿನಗಳ ಮೇಲೆ ಅವರು ತೀರಿಕೊಂಡರು.

ಅದೇ ವರ್ಷದ ಆಗಸ್ಟ್ ೩೦ರ ಬೆಳಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲು ತಟ್ಟಿತು. ನಮ್ಮ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ, ಶಾಸನಗಳನ್ನೂ ವಚನಗಳನ್ನೂ ಜೀವಮಾನವೆಲ್ಲ ಶೋಧಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ‘ಮಾರ್ಗ ೪’ಕ್ಕೆ ೨೦೦೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಎಪ್ಪತ್ತಾರರ ವಯಸ್ಸಿನ ಗುರು ಅವರು. ಮೇಷ್ಟರ ಮನೆಯ ಬಾಗಿಲು ಬಂದವರಿಗೆ ತೆರೆಯುವುದು ರೂಢಿ. ಆ ರೂಢಿಯೇ ಕೊಲೆಗಾರನಿಗೆ ಅನುಕೂಲವಾಯಿತು. ೨೦೧೭ರ ಸೆಪ್ಟೆಂಬರ್ ೫ರಂದು, ಶಿಕ್ಷಕರ ದಿನದ ರಾತ್ರಿ, ಬೆಂಗಳೂರಿನ ತಮ್ಮ ಮನೆಯ ಮುಂದೆ ಗೌರಿ ಲಂಕೇಶರು ಹತರಾದರು. ಈ ಎರಡು ಕೊಲೆಗಳಲ್ಲಿಯೂ ಬಳಕೆಯಾದುದು ಒಂದೇ ದೇಶೀ ಪಿಸ್ತೂಲೆಂದು ವಿಧಿವಿಜ್ಞಾನ ಪರೀಕ್ಷೆಯ ಆಧಾರದಿಂದ ತನಿಖೆಗಾರರು ಹೇಳಿದರು. ಅದರ ಗುಂಡಿನ ಅಳತೆ ೭.೬೫ ಮಿಲಿಮೀಟರು. ಬಾಂಡನ ಪಿಸ್ತೂಲಿನ ಅಳತೆಯೂ ಅದೇ.

ಯಾರು, ಏಕೆ ಎಂಬ ಪ್ರಶ್ನೆಗಳು ನ್ಯಾಯಾಲಯಗಳಿಗೆ ಸೇರಿದವು. ವಿಮರ್ಶೆಗೆ ಸೇರಿದ ಪ್ರಶ್ನೆ ಬೇರೊಂದಿದೆ. ರಾಜಕುಮಾರಿಯನ್ನು ಕಾಯಲು ನಿಂತ ವೀರನ ಕೈಯಲ್ಲಿ ಸೋತ ಬಗೆಯ ಕಿರುಪಿಸ್ತೂಲೇ, ನಿರಾಯುಧನಾದ ವೃದ್ಧ ವಿದ್ವಾಂಸನ ಮುಂದೆ ಗೆದ್ದಿತು. ಕಿರುಪಿಸ್ತೂಲಿನ ನಿಜವಾದ ಸಾಮರ್ಥ್ಯವೆಂದರೆ ಇದೇ. ಅದು ಕಾಪಾಡುವವನಿಗೆ ಆಗಿಬಾರದು, ವಂಚಿಸುವವನಿಗೆ ಆಗಿಬರುತ್ತದೆ. ಬೆಳ್ಳಿತೆರೆಯಾದರೋ ಇದನ್ನು ಪೂರ್ತಿ ತಲೆಕೆಳಗು ಮಾಡಿ, ಅದೇ ವಸ್ತುವನ್ನು ರಕ್ಷಕನ ಭೂಷಣವೆಂದು ತೋರಿಸಿತು.

೮

‘ಚಿತ್ರವೆಂಬುದು ವಿನೋದ, ವಿನೋದಕ್ಕೆ ಇಷ್ಟು ತಕರಾರೇಕೆ?’ ಎಂಬ ಆಕ್ಷೇಪವನ್ನು ನಾವು ನಿರೀಕ್ಷಿಸಿದ್ದೇವೆ. ವಿನೋದವನ್ನು ನಾವು ಬೇಡವೆನ್ನುವುದಿಲ್ಲ. ಸಿ.ಐ.ಡಿ. ೯೯೯ರ ಚಿತ್ರಗಳನ್ನು ನೋಡಿ ಸಂತೋಷಪಟ್ಟವರಲ್ಲಿ ನಾವೂ ಸೇರಿದ್ದೇವೆ. ಪ್ರೇಕ್ಷಕನು ಪಿಸ್ತೂಲು ನೋಡಿದ ಮಾತ್ರಕ್ಕೆ ಕೊಲೆಗಾರನಾಗುತ್ತಾನೆಂಬ ಅಗ್ಗದ ವಾದವೂ ನಮ್ಮದಲ್ಲ. ನಾವು ಕೇಳುವುದಿಷ್ಟೆ: ಕಲಾವಿದನು ಒಂದು ವಸ್ತುವಿಗೆ ತೇಜಸ್ಸನ್ನು ಕೊಡುವಾಗ ಅದರ ಸ್ವಭಾವವನ್ನೂ ಅರಿತಿರಬೇಡವೆ? ರಾಜಕುಮಾರರು ತೆರೆಯ ಮೇಲೆ ಧೂಮಪಾನ, ಮದ್ಯಪಾನಗಳನ್ನು ತೋರಿಸುವುದರಿಂದ ದೂರವಿದ್ದರೆಂಬುದು ಪ್ರಸಿದ್ಧವಾಗಿದೆ. ನೋಡುವ ಮಕ್ಕಳ ಹಿತವನ್ನು ನೆನೆದ ಈ ವಿವೇಕ ಕನ್ನಡ ಚಲಚ್ಚಿತ್ರದ ದೊಡ್ಡ ಆಸ್ತಿ. ಬೀಡಿ ಸಿಗರೇಟಿನ ವಿಷಯದಲ್ಲಿ ಮೂಡಿದ ಆ ವಿವೇಕವನ್ನು ಪಿಸ್ತೂಲಿನ ವಿಷಯಕ್ಕೂ ವಿಸ್ತರಿಸುವ ಕಥೆಗಾರರೂ ನಿರ್ದೇಶಕರೂ ಬರಬೇಕಾಗಿದೆ. ನಾಯಕನ ಪಿಸ್ತೂಲು ಒಮ್ಮೆಯಾದರೂ ಸಿಕ್ಕಿಕೊಳ್ಳಲಿ, ತೋಟಾ ತೀರಲಿ, ಗುಂಡು ತಗುಲಿದವನಿಗೆ ತಾಯಿಯೊಬ್ಬಳಿರಲಿ. ಅಷ್ಟರಿಂದ ಸಾಹಸದ ರಸ ಕುಂದುವುದಿಲ್ಲ. ರನ್ನನಲ್ಲಿ ಕುಂದಲಿಲ್ಲವಷ್ಟೆ.

ಅಂತಹ ಚಿತ್ರಗಳು ಬರುವವರೆಗೆ ಉಪಾಧ್ಯಾಯಬಂಧುಗಳು ಕೈಕಟ್ಟಿ ಕೂರಬೇಕಾಗಿಲ್ಲ. ‘ಸಿನೆಮಾ ನೋಡಬೇಡ’ ಎಂದು ಗದರಿಸುವುದರಿಂದ ಫಲವಿಲ್ಲ. ಮೇಲೆ ಕೊಟ್ಟ ತ್ರೈರಾಶಿಯನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಬಹುದು. ಒಂದು ಚಿತ್ರದಲ್ಲಿ ನಾಯಕನು ಎಷ್ಟು ಗುಂಡು ಹಾರಿಸಿದನೆಂದು ಹುಡುಗರೇ ಎಣಿಸಿ ಬರಲಿ, ಏಳರಿಂದ ಭಾಗಿಸಲಿ. ಹಲಗಲಿಯ ಲಾವಣಿಯನ್ನು ಕಲಿಸುವಾಗ, ಕಳೆದುಹೋದ ಸಾಮಾನುಗಳ ಪಟ್ಟಿಯನ್ನು ಜನಪದ ಕವಿ ಏಕೆ ಹಾಡಿನಲ್ಲಿ ಸೇರಿಸಿದನೆಂದು ಕೇಳಲಿ. ಕಲಬುರ್ಗಿಯವರ ಒಂದು ಬರೆಹವನ್ನು ತರಗತಿಯಲ್ಲಿ ಓದಿ, ಅದನ್ನು ಬರೆದವರ ಕೊನೆಯ ಬೆಳಗಿನ ಸಂಗತಿಯನ್ನು ನಾಲ್ಕು ಮಾತಿನಲ್ಲಿ ತಿಳಿಸಲಿ.

ವಿದ್ಯಾರ್ಥಿಮಿತ್ರರಿಗೆ ನಮ್ಮ ಮಾತು ಇಷ್ಟೆ. ಚಿತ್ರವನ್ನು ನೋಡಿರಿ, ಚಪ್ಪಾಳೆಯನ್ನೂ ತಟ್ಟಿರಿ. ಆದರೆ ತೆರೆಯ ಮೇಲೆ ಪಿಸ್ತೂಲು ಮಿಂಚಿದಾಗ ಅದರ ಹಿಂದಿರುವ ಕೈಯನ್ನಲ್ಲದೆ, ಅದರ ಮುಂದಿರುವ ಮನುಷ್ಯನನ್ನೂ ನೋಡಲು ಕಲಿಯಿರಿ. ಸಹೃದಯತೆಯ ಮೊದಲ ಪಾಠ ಅದೇ ಆಗಿದೆ.